ನೀಲಿ ಚೀಟಿ

ಔಷಧಿ ಅಂಗಡಿಯ ಕೌಂಟರಿನಲ್ಲಿ ಮಸ್ನಿಯಾಳನ್ನು ನೋಡಿದವರಿಗೆ, ಇವಳು ಮನೆಯಲ್ಲಿ ತುಟಿ ಬಿಚ್ಚದೆ ಊಟ ಮುಗಿಸುವ ಹೆಂಗಸು ಎಂದು ಹೇಳಿದರೆ ನಗುತ್ತಿದ್ದರು. ಇಂಡೋನೇಷ್ಯಾದ ಬಂಜರ್‌ಮಾಸಿನ್ನಿನಲ್ಲಿ ಕುಯಿನ್ ಹೊಳೆಯ ಸೇತುವೆ ಇಳಿದ ಕೂಡಲೇ ಸಿಗುವ ಆ ಅಂಗಡಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಸಹಾಯಕಿ. ಒಡತಿ ‘ಇಬು’ ಹೆರ್ಲಿನಾ, ಅಂದರೆ ಹೆರ್ಲಿನಾ ಅಮ್ಮನವರು, ಔಷಧದ ಓದು ಓದಿದವರು, ಒಳಕೋಣೆಯಲ್ಲಿ ಅಮೃತಶಿಲೆಯ ಹಲಗೆಯ ಮೇಲೆ ಮುಲಾಮು ಕಲೆಸುತ್ತ ಕೂರುವವರು. ಹೊರಗಿನ ರಾಜ್ಯಭಾರವೆಲ್ಲ ಮಸ್ನಿಯಾಳದೇ. ಅದರಲ್ಲೂ ಮೊಡವೆ ಎದ್ದ ಹುಡುಗಿಯೊಬ್ಬಳು ಬಂದು ನಿಂತಳೆಂದರೆ ಮುಗಿಯಿತು, ಕೆಮ್ಮುವವರು ಕೆಮ್ಮುತ್ತಲೇ ಕಾಯಬೇಕು. ಆ ಕೇರಿಯ ಮಕ್ಕಳಿಗೆಲ್ಲ ಅವಳು ‘ಅಚಿಲ್’, ಚಿಕ್ಕಮ್ಮ.

“ಫೋನಲ್ಲಿ ಏನದು? ಇಲ್ಲಿ ತೋರ್ಸು,” ಎನ್ನುತ್ತಿದ್ದಳು. “ಆಸಿಡ್ ಸೀರಮ್ಮಾ? ವಯಸ್ಸೆಷ್ಟು ನಿಂಗೆ?”

“ಹದಿಮೂರು, ಅಚಿಲ್.”

“ಹದಿಮೂರು ವರ್ಷದ ಮುಖ ಅಂದ್ರೆ ಏನಂದ್ಕೊಂಡಿದೀಯ, ತಳ ಹಿಡಿದ ಪಾತ್ರೆ ಅಂತಾನಾ, ಹುಳಿ ಹಾಕಿ ಉಜ್ಜೋಕೆ?”

“ಈ ಹುಡ್ಗಿ ಇದನ್ನೇ ಹಚ್ಚೋದಂತೆ. ನೋಡಿ, ಹೆಂಗೆ ಫಳಫಳ ಅಂತಿದಾಳೆ.”

“ಅವಳ ಮೇಲೆ ಲೈಟ್ ಬಿಡೋಕೆ ಇಬ್ರು ಆಳು ನಿಂತಿರ್ತಾರೆ. ನಿಂಗ್ಯಾರು ಬಿಡ್ತಾರೆ, ನಿಮ್ಮಪ್ಪನಾ?” ಹುಡುಗಿ ನಕ್ಕುಬಿಡುತ್ತಿದ್ದಳು. ಆಮೇಲೆ ಮಸ್ನಿಯಾ ಮೂರು ಬೆರಳು ಎತ್ತಿ ಹಿಡಿಯುತ್ತಿದ್ದಳು. “ಮೂರೇ ಮೂರು ಸಾಕು. ಒಂದು, ಘಮಘಮ ಅನ್ನದ, ಉರೀದೇ ಇರೋ ಫೇಸ್‌ವಾಶ್, ದಿನಕ್ಕೆ ಎರಡೇ ಸಲ. ಎರಡು, ಗ್ಲಿಸರಿನ್ ಇರೋ ಸಾದಾ ಕ್ರೀಮು. ಮೂರು, ಬಿಸಿಲಿಗೆ ಹೋಗೋ ಮುಂಚೆ ಸನ್‌ಸ್ಕ್ರೀನು, ಜಿಂಕ್ ಇರೋದು. ಅಷ್ಟಕ್ಕೂ ಮೊಡವೆ ಕೇಳ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಹೋಗು, ಪಕ್ಕದ್ಮನೆಯೋರ ಹತ್ರ ಅಲ್ಲ. ಹೊಸದೇನೇ ತಂದ್ರೂ ಮೊದಲು ಕಿವಿ ಹಿಂದೆ ಹಚ್ಚಿ ಮೂರು ದಿನ ನೋಡು. ಡಬ್ಬಿ ಮೇಲೆ ಒಳಗಡೆ ಏನೇನಿದೆ ಅಂತ ಬರೆದಿಲ್ಲ ಅಂದ್ರೆ ಮುಟ್ಬೇಡ. ಏಳು ದಿನದಲ್ಲಿ ಬೆಳ್ಳಗೆ ಮಾಡ್ತೀನಿ ಅಂತ ಯಾರಾದ್ರೂ ಅಂದ್ರೆ, ಚಪ್ಲಿ ಬಿಟ್ಟಾದ್ರೂ ಓಡು.”

ಕೊನೆಗೆ ಎಲ್ಲರಿಗೂ ಒಂದೇ ಮಾತು. “ಅನುಮಾನ ಬಂದ್ರೆ ಬಾ. ನಾನು ಇಲ್ಲೇ ಇರ್ತೀನಿ.”

ಇರುತ್ತಿದ್ದಳು ಕೂಡ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಮನೆಗೆ ಬರುವ ಹೊತ್ತಿಗೆ ದಿನದ ಮಾತೆಲ್ಲ ಖರ್ಚಾಗಿ ಹೋಗಿರುತ್ತಿತ್ತು. ಮನೆಯೆಂದರೆ ಹೊಳೆಯ ಮೇಲೆ ಕಂಬ ಊರಿ ನಿಲ್ಲಿಸಿದ ಎರಡು ಕೋಣೆ, ಹಿಂದೆ ಹಲಗೆಯ ಜಗಲಿ. ಗಂಡ ಬಹ್ರಾನ್ ದೋಣಿ ನಡೆಸುತ್ತಿದ್ದ. ಮೂರು ವರ್ಷದ ಹಿಂದೆ ಜ್ವರ ಬಂದು ಒಂದು ವಾರದಲ್ಲಿ ಹೋಗಿಬಿಟ್ಟ. ಇದ್ದಾಗ ಅವನು ಹಾಡುತ್ತಿದ್ದ, ಜಗಳವಾಡುತ್ತಿದ್ದ, ದೋಣಿಯ ಇಂಜಿನ್ನಿಗಿಂತ ಜೋರಾಗಿ ಸೀನುತ್ತಿದ್ದ. ಅವನು ಹೋದ ಮೇಲೆ ತಾಯಿ ಮಗಳಿಬ್ಬರೂ ಮನೆಯಲ್ಲಿ ಶಬ್ದ ಮಾಡುವುದು ಹೇಗೆಂಬುದನ್ನೇ ಮರೆತರು. ಸಂಜೆ ಮಸ್ನಿಯಾ ಹರುವಾನ್ ಮೀನು ಸುಟ್ಟು, ಅನ್ನ ಬಡಿಸಿ, ಟೀವಿ ಹಾಕುತ್ತಿದ್ದಳು. ಮಗಳು ರಿಸ್ದಾ, ಹದಿನೈದು ವರ್ಷದವಳು, ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದಳು. ಟೀವಿಯವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು.

ಈಚೆಗೆ ಒಂದು ಸಮಾಧಾನವಿತ್ತು. ರಿಸ್ದಾ ಮನೆಯಲ್ಲಿದ್ದಷ್ಟು ಹೊತ್ತೂ ಮುಖಕ್ಕೆ ಪುಪೂರ್ ಬಳಿದುಕೊಳ್ಳುತ್ತಿದ್ದಳು. ಅಕ್ಕಿಯನ್ನು ದಿನಗಟ್ಟಲೆ ನೆನೆಹಾಕಿ, ಅರೆದು, ಪುಟ್ಟ ಉಂಡೆ ಕಟ್ಟಿ ಒಣಗಿಸಿದ ತಂಪು ಹಿಟ್ಟು. ನೀರಲ್ಲಿ ಕಲೆಸಿ ಹಚ್ಚಿದರೆ ಮುಖ ಸುಣ್ಣ ಬಳಿದ ಗೋಡೆ. ಈ ಹೊಳೆಯ ಹೆಂಗಸರು ದೋಣಿಯಲ್ಲಿ ತರಕಾರಿ ಮಾರುವಾಗಲೂ ಅದನ್ನು ಹಚ್ಚಿಕೊಂಡೇ ಇರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಮಸ್ನಿಯಾಳ ತಾಯಿಯನ್ನು ಪುಪೂರ್ ಇಲ್ಲದೆ ನೋಡಿದವರೇ ಕಡಿಮೆ. ಫೋನು ಹಿಡಿದ ಈ ಕಾಲದ ಹುಡುಗಿ ಅಜ್ಜಿಯ ಪುಪೂರಿಗೆ ಬಂದಳಲ್ಲ ಎಂದು ಮಸ್ನಿಯಾ ಒಳಗೊಳಗೇ ಬೀಗಿದ್ದಳು. ಅಂಗಡಿಯಲ್ಲಿ ಹೇಳಿಕೊಂಡೂ ಆಗಿತ್ತು. ಮಗಳಿಗೆ ಮಾತ್ರ ಹೇಳಿರಲಿಲ್ಲ.

ಅದು ಸೆಪ್ಟೆಂಬರ್. ಊರಾಚೆ ಮಳೆಯಿಲ್ಲದೆ ಒಣಗಿದ ಜೌಗು ನೆಲ ಹೊತ್ತಿ ಉರಿಯುತ್ತಿದ್ದರಿಂದ ಬೀದಿಗಳಲ್ಲೆಲ್ಲ ಹೊಗೆ. ಹೊರಗೆ ಕಾಲಿಟ್ಟವರೆಲ್ಲರ ಮೂಗು ಬಾಯಿಗೆ ಮಾಸ್ಕು. ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತಿದ್ದವು.

ಅಂಥ ಒಂದು ಬುಧವಾರ ಬೆಳಿಗ್ಗೆ ಸುಫಿಯಾ ಎಂಬ ಹುಡುಗಿಯನ್ನು ಅವಳ ತಾಯಿ ಕೈ ಹಿಡಿದು ಎಳೆದುಕೊಂಡೇ ಬಂದಳು. ರಿಸ್ದಾಳ ತರಗತಿಯ ಹುಡುಗಿ. ಮಾಸ್ಕು ಇಳಿಸಿದಾಗ ಕೆನ್ನೆ ಕೆಂಡವಾಗಿತ್ತು, ಬಾಯಿಯ ಸುತ್ತ ಚರ್ಮ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು.

“ಇದೇನು ಮಾಡ್ಕೊಂಡೆ?” ಎಂದು ಮಸ್ನಿಯಾ ದನಿ ಏರಿಸಿದಳು. “ಯಾರು ಕೊಟ್ರು ನಿಂಗೆ? ಆನ್‌ಲೈನಲ್ಲಿ ತರಿಸ್ಕೊಂಡ್ಯಾ?”

“ಏನಚಿಲ್, ನಮ್ಮನ್ನೇ ಬೈತೀರಲ್ಲ!” ತಾಯಿಯೂ ಬಿಡಲಿಲ್ಲ. “ನಿಮ್ಮಂಗಡೀದು ಅಂತಾನೇ ನಾನು ಹಚ್ಕೋ ಅಂದಿದ್ದು. ಬೇರೆಯೋರದ್ದಾಗಿದ್ರೆ ಅವತ್ತೇ ತೆಗ್ದು ಬಿಸಾಕ್ತಿದ್ದೆ.” ಅವಳು ಚೀಲದಿಂದ ಬಿಳಿಯ ಪುಟ್ಟ ಡಬ್ಬಿಯೊಂದನ್ನು ತೆಗೆದು ಕೌಂಟರಿನ ಮೇಲೆ ಟಪ್ಪೆಂದು ಇಟ್ಟಳು.

ಡಬ್ಬಿಯ ಮೇಲೆ ನೀಲಿ ಚೀಟಿ. ಔಷಧಿ ಅಂಗಡಿಗಳಲ್ಲಿ ಕಲೆಸಿ ಕೊಡುವ ಮದ್ದಿಗೆ ಎರಡೇ ಬಗೆಯ ಚೀಟಿ: ನುಂಗುವುದಕ್ಕೆ ಬಿಳಿಯದು, ಹಚ್ಚುವುದಕ್ಕೆ ನೀಲಿಯದು. ಓದು ಬಾರದ ಮುದುಕಿಗೂ ಅದು ಗೊತ್ತು. ನೀಲಿ ಚೀಟಿ ಇದೆಯೆಂದರೆ ಡಾಕ್ಟರು ಬರೆದು ಔಷಧಿಯವರು ಕಲೆಸಿದ್ದಾರೆ ಎಂದರ್ಥ. ಆಮೇಲೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಚೀಟಿಯ ಮೇಲೆ ಅಂಗಡಿಯ ಹೆಸರಿತ್ತು. ಕೆಳಗೆ ಫೋನ್ ನಂಬರಿತ್ತು, ಎರಡು ವರ್ಷದ ಹಿಂದೆ ಬದಲಾದ ಹಳೆಯ ನಂಬರು.

ಮಸ್ನಿಯಾ ಆ ನಂಬರನ್ನು ಎರಡು ಸಲ ಓದಿದಳು. ಮುಚ್ಚಳ ತೆಗೆದಳು. ಹಳದಿ ಮುತ್ತಿನ ಬಣ್ಣದ ಕ್ರೀಮು, ಬೆಳಕು ಬಿದ್ದ ಅಂಚಿನಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ಗುಲಾಬಿಯ ವಾಸನೆಯ ಅಡಿಯಲ್ಲಿ ಹಳೇ ಕಬ್ಬಿಣದ ವಾಸನೆ. ಏನೇನು ಹಾಕಿದ್ದಾರೆಂದು ಎಲ್ಲೂ ಬರೆದಿರಲಿಲ್ಲ. ಪಾದರಸವಿರುವ ಕ್ರೀಮುಗಳ ಫೋಟೋಗಳನ್ನು ಇಬು ಹೆರ್ಲಿನಾ ಎಷ್ಟು ಸಲ ತೋರಿಸಿದ್ದರೋ. ಅದು ಚರ್ಮದಲ್ಲಿಳಿದು ಮೂತ್ರಪಿಂಡಕ್ಕೆ ಹೋಗುವುದನ್ನು, ಕೈ ನಡುಗಿಸುವುದನ್ನು ಇದೇ ಕೌಂಟರಿನಲ್ಲಿ ನಿಂತು ಅವಳು ಊರಿಗೆಲ್ಲ ಹೇಳಿದ್ದಳು.

“ನಿಂಗಿದನ್ನ ಯಾರು ಕೊಟ್ಟಿದ್ದು?” ಈಗ ಅವಳ ದನಿ ಇಳಿದಿತ್ತು.

ಸುಫಿಯಾ ನೆಲ ನೋಡಿದಳು. “ರಿಸ್ದಾ. ಅವಳೂ ಇದನ್ನೇ ಹಚ್ಚೋದು. ಅಮ್ಮನ ಅಂಗಡೀದು ಅಂದ್ಳು.”

ಒಳಕೋಣೆಯಲ್ಲಿ ಇಬು ಹೆರ್ಲಿನಾ ಮುಲಾಮು ತಿಕ್ಕುವ ಸದ್ದು ನಿಂತು ಮತ್ತೆ ಶುರುವಾಯಿತು. ಮಸ್ನಿಯಾ ಡಬ್ಬಿಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ಇವತ್ತಿಂದ ಇದನ್ನ ಹಚ್ಬೇಡ. ಬರೀ ನೀರಲ್ಲಿ ಮುಖ ತೊಳಿ, ಈ ಸಾದಾ ಕ್ರೀಮ್ ಹಚ್ಚು, ನಾಳೇನೇ ಡಾಕ್ಟ್ರಿಗೆ ತೋರ್ಸು,” ಎಂದು ಒಂದೇ ಉಸಿರಿಗೆ ಹೇಳಿದಳು. ಅನುಮಾನ ಬಂದ್ರೆ ಬಾ ಎನ್ನಲು ಬಾಯಿ ಬರಲಿಲ್ಲ.

ಆ ಚೀಟಿಗಳ ಕತೆ ಅವಳೊಬ್ಬಳಿಗೇ ಗೊತ್ತಿತ್ತು. ನಂಬರು ಬದಲಾದಾಗ ಇಬು ಹೆರ್ಲಿನಾ ಹಳೆಯ ಕಟ್ಟನ್ನು ಅವಳ ಕೈಗಿಟ್ಟು, “ಒಂದೂ ಉಳಿಸ್ದೆ ಸುಡು,” ಎಂದಿದ್ದರು. ಅಂದು ಸಂಜೆ ಅವಳು ಜಗಲಿಯಲ್ಲಿ ಬೆಂಕಿ ಹಾಕಲು ಕೂತಿದ್ದಾಗ ಪಕ್ಕದ ಮನೆಯ ಸಲಾಸಿಯಾ ಹಲಗೆ ದಾಟಿ ಬಂದಿದ್ದಳು. ಎರಡು ಮನೆಯ ಜಗಲಿಗಳ ನಡುವೆ ಬಹ್ರಾನನೇ ಹಾಕಿದ ಹಲಗೆ ಅದು. ಸಲಾಸಿಯಾ ಪುಪೂರ್ ಮಾಡಿ ಮಾರುವವಳು. “ಅಯ್ಯೋ, ಎಷ್ಟು ಚೆಂದದ ಚೀಟಿ, ಸುಡ್ತೀಯಲ್ಲೇ! ನನ್ನ ಡಬ್ಬಿಗಂಟಿಸ್ಕೋತೀನಿ, ಕೊಡು. ಬರೀ ಅಕ್ಕಿಹಿಟ್ಟು ತಾನೆ,” ಎಂದಿದ್ದಳು. ಬಹ್ರಾನ್ ಸತ್ತಾಗ ನಲವತ್ತು ದಿನವೂ ಮಸ್ನಿಯಾಳ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದವಳು ಸಲಾಸಿಯಾ. ಅಂಥವಳು ಕಾಗದದ ಚೂರು ಕೇಳಿದರೆ ಇಲ್ಲವೆನ್ನುವುದು ಹೇಗೆ? ಅರ್ಧ ಕಟ್ಟು ಕೊಟ್ಟಳು, ಅರ್ಧ ಸುಟ್ಟಳು. ಮಾರನೆಯ ದಿನ ಇಬು ಹೆರ್ಲಿನಾ ಕೇಳಿದಾಗ, “ಸುಟ್ಟೆ, ಇಬು,” ಎಂದಳು. ಅರ್ಧ ನಿಜವಾಗಿತ್ತಲ್ಲ.

ತಲೆನೋವೆಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದಳು. ರಿಸ್ದಾ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು, ಮುಖದ ತುಂಬ ಪುಪೂರ್. ತಾಯಿ ಆ ಹೊತ್ತಿಗೆ ಬಂದದ್ದು ನೋಡಿ ಎದ್ದು ನಿಂತಳು.

“ಮುಖ ತೊಳಿ, ರಿಸ್ದಾ.”

“ಈಗ್ತಾನೆ ಹಚ್ಕೊಂಡೆ.”

ಮಸ್ನಿಯಾ ಚೀಲದಿಂದ ಡಬ್ಬಿ ತೆಗೆದು ಇಬ್ಬರ ನಡುವೆ ಹಲಗೆಯ ಮೇಲೆ ಇಟ್ಟಳು. ರಿಸ್ದಾ ಅದನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹಂಡೆಯ ಬಳಿ ಕೂತು ನೀರು ಹಾಕಿಕೊಂಡಳು. ಬಿಳಿಯ ನೀರು ಹಲಗೆಯ ಸಂದಿಯಿಂದ ಹೊಳೆಗೆ ಇಳಿಯಿತು.

ಅವಳು ಮುಖ ಎತ್ತಿದಾಗ ಮಸ್ನಿಯಾಳಿಗೆ ಮೊದಲು ಹೊಳೆದದ್ದು ಕ್ರೀಮಿನ ವಿಷಯವಲ್ಲ. ಮಗಳ ಮುಖ ನೋಡಿ ಒಂದೂವರೆ ತಿಂಗಳಾಗಿದೆ ಎಂಬುದು. ಮನೆಯಲ್ಲಿ ಪುಪೂರ್, ಹೊರಗೆ ಮಾಸ್ಕು. ಒಂದೇ ಸೂರಿನಡಿ ಉಂಡು ಮಲಗಿದವರು. ತಾನು ಒಂದು ದಿನವೂ ಕೇಳಿರಲಿಲ್ಲ. ಕೆನ್ನೆಯ ಚರ್ಮ ತೆಳುವಾಗಿ ಒಳಗಿನ ಕೆಂಪು ನರಗಳು ಕಾಣುತ್ತಿದ್ದವು. ದವಡೆಯುದ್ದಕ್ಕೂ ಸಣ್ಣ ಮೊಡವೆಗಳ ಸಂತೆ. ಕಣ್ಣಿನ ಕೆಳಗೆ ಕಪ್ಪು ಮಚ್ಚೆ. ಕೌಂಟರಿನಲ್ಲಾಗಿದ್ದರೆ ಬೈಗುಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಇಲ್ಲಿ ಅವಳು ಮಗಳ ಎದುರು ಹಲಗೆಯ ಮೇಲೆ ಕೂತಳು.

“ಎಷ್ಟು ದಿನದಿಂದ?”

“ಎರಡು ತಿಂಗ್ಳು.” ರಿಸ್ದಾ ಕೈಯಿಂದ ನೀರು ಒರೆಸಿಕೊಂಡಳು. “ಮೊದ್ಲು ತುಂಬ ಚೆನ್ನಾಗಾಯ್ತಮ್ಮ. ಹತ್ತೇ ದಿನಕ್ಕೆ ಒಂದು ಮೊಡವೇನೂ ಇರ್ಲಿಲ್ಲ. ಕ್ಲಾಸಲ್ಲೆಲ್ಲ ಕೇಳೋಕೆ ಶುರು ಮಾಡಿದ್ರು. ಸುಫಿಯಾಗೆ ನಾನೇ ತಂದ್ಕೊಟ್ಟೆ. ಆಮೇಲೆ ಹಚ್ಚಿದ್ರೂ ಉರಿ, ಬಿಟ್ರೂ ಉರಿ. ಪುಪೂರ್ ಹಾಕಿದ್ರೆ ಸ್ವಲ್ಪ ತಂಪು. ಕಾಣೋದೂ ಇಲ್ಲ.”

“ನನ್ನೊಂದು ಮಾತು ಕೇಳ್ಬಾರ್ದಿತ್ತಾ?”

“ಕೇಳೋದೇನಿತ್ತು? ನಿಮ್ಮಂಗಡಿ ಚೀಟಿನೇ ಇತ್ತಲ್ಲ. ಅಚಿಲ್ ಸಲಾಸಿಯಾ ಅಂದ್ರು, ಈ ಚೀಟಿ ನಿಮ್ಮಮ್ಮನೇ ಕೊಟ್ಟಿದ್ದು ಅಂತ. ಕೊಟ್ಟಿದ್ಯೋ ಇಲ್ವೋ, ನೀನೇ ಹೇಳು.”

ಮಸ್ನಿಯಾ ಚೀಟಿ ಕಾಣದ ಹಾಗೆ ಡಬ್ಬಿಯನ್ನು ತಿರುಗಿಸಿಟ್ಟಳು. ಎದುರು ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಹೊಗೆಯೊಳಗಿಂದ ಬರುತ್ತಿತ್ತು.

“ಮತ್ತೆ, ಕೇಳೇ ಇಲ್ಲ ಅನ್ಬೇಡ,” ಎಂದಳು ರಿಸ್ದಾ. ಅವಳು ಅಳುತ್ತಿರಲಿಲ್ಲ. ಪಾಠ ಒಪ್ಪಿಸುವವರ ಹಾಗೆ ಹೇಳಿದಳು. “ಜುಲೈನಲ್ಲಿ ಸ್ಕೂಲಿಂದ ನೇರ ನಿನ್ನಂಗಡಿಗೆ ಬಂದಿದ್ದೆ. ಮನೇಲಿ ನೀನು ಮಾತಾಡಲ್ಲ, ಅಲ್ಲಾದ್ರೆ ಎಲ್ರ ಹತ್ರಾನೂ ಮಾತಾಡ್ತೀಯಲ್ಲ. ಅದಕ್ಕೆ ಲೈನಲ್ಲಿ ನಿಂತೆ. ನಂಗಿಂತ ಮುಂದೆ ನಾಲ್ಕು ಜನ. ನನ್ನ ಸರದಿ ಬಂದಾಗ, ‘ನೀನ್ಯಾಕೆ ನಿಂತೆ ಇಲ್ಲಿ, ಮನೇಲಿ ಮಾತಾಡೋಣ ಹೋಗು, ಹಿಂದೆ ಜನ ಕಾಯ್ತಿದಾರೆ’ ಅಂದೆ. ಹೋದೆ. ಮನೇಲಿ ನೀನು ಟೀವಿ ಹಾಕ್ದೆ.”

ಮಸ್ನಿಯಾಳಿಗೆ ಅದು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಆ ಜುಲೈ ತಿಂಗಳಲ್ಲಿ ಬಂದ ಪರರ ಮಕ್ಕಳ ಮುಖಗಳು ನೆನಪಾದವು, ಶಾಲೆಯ ಸಮವಸ್ತ್ರದಲ್ಲಿ ಸಾಲಿನಲ್ಲಿ ನಿಂತ ಸ್ವಂತ ಮಗಳದ್ದು ನೆನಪಾಗಲಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ಅವಳು ಬದುಕಿನಲ್ಲಿ ಪಟ್ಟಿರಲಿಲ್ಲ.

ಹಲಗೆ ದಾಟಿ ಸಲಾಸಿಯಾಳ ಜಗಲಿಗೆ ಹೋದಾಗ ಅವಳು ಅಚ್ಚುಗಳಿಗೆ ತೆಂಗಿನಹಾಲಿನ ಹಿಟ್ಟು ಹುಯ್ಯುತ್ತ ಸಿಹಿ ತಿಂಡಿ ಬೇಯಿಸುತ್ತಿದ್ದಳು. ಅರವತ್ತು ದಾಟಿದರೂ ಗಟ್ಟಿಮುಟ್ಟಾದ ಹೆಂಗಸು, ಮುಖ ಈಚೆಗೆ ವಿಚಿತ್ರವಾಗಿ ಬೆಳ್ಳಗಾಗಿತ್ತು.

“ಬಾ ಬಾ, ಬಿಸಿಬಿಸಿ ತಿನ್ನು. ಏನು ಈ ಹೊತ್ತಲ್ಲಿ? ಅಂಗಡಿ ಮುಳುಗೋಯ್ತಾ?”

“ಆ ಕ್ರೀಮು ಎಲ್ಲಿಂದ ತಂದ್ರಿ, ಅಕ್ಕ?”

ಸಲಾಸಿಯಾ ಸೌಟು ನಿಲ್ಲಿಸಲಿಲ್ಲ. “ದೋಣೀಲಿ ಬರ್ತಾನಲ್ಲ, ಆ ಬಟ್ಟೆ ವ್ಯಾಪಾರದೋನು. ಕೇಜಿ ಲೆಕ್ಕದಲ್ಲಿ ಕೊಡ್ತಾನೆ. ಎಲ್ಲಾ ಬೇರು-ನಾರಂತೆ. ಯಾಕೆ, ನಿಂಗೂ ಒಂದು ಬೇಕಾ? ವಿಧವೆ ಅಂತ ಮುಖಾನೂ ಸತ್ತಿರ್ಬೇಕು ಅಂತೇನಿಲ್ಲ.”

“ನನ್ನ ಮಗಳ ಮುಖ ಸುಟ್ಟೋಗಿದೆ.”

“ಹೊಲಸೆಲ್ಲ ಹೊರಗೆ ಬರ್ತಿದೆ, ಅಷ್ಟೆ. ಸಿಪ್ಪೆ ಏಳ್ಬೇಕು, ಎದ್ದ ಮೇಲೇನೇ ಬಣ್ಣ ಬರೋದು.”

“ಅಕ್ಕ, ಅದು ಹೊಲಸಲ್ಲ. ಚರ್ಮ.” ಮಸ್ನಿಯಾ ಅವಳ ಕೈ ಹಿಡಿದಳು. ಸೌಟಿನಿಂದ ಹಿಟ್ಟು ಅಚ್ಚಿನಾಚೆ ಚೆಲ್ಲುತ್ತಿತ್ತು, ಬೆರಳುಗಳು ಸಣ್ಣಗೆ ಅದುರುತ್ತಿದ್ದವು. “ಇದು ಯಾವಾಗಿಂದ?”

“ವಯಸ್ಸಾಯ್ತಲ್ಲೇ.”

“ಆರು ತಿಂಗಳ ಹಿಂದೆ ಇರ್ಲಿಲ್ಲ. ನೀವೂ ಹಚ್ಕೋತಿದೀರ. ನಾಳೆ ನಮ್ಜೊತೆ ಡಾಕ್ಟ್ರ ಹತ್ರ ಬನ್ನಿ. ಎಷ್ಟು ಜನಕ್ಕೆ ಕೊಟ್ಟಿದೀರ?”

ಸಲಾಸಿಯಾ ಕೈ ಕಿತ್ತುಕೊಂಡಳು. ಅವಳ ಕಣ್ಣಿನಲ್ಲಿ ಮೊದಲ ಸಲ ಭಯ ಕಂಡಿತು. “ಹನ್ನೊಂದು ಹುಡ್ಗೀರು,” ಎಂದಳು ಕೊನೆಗೆ. “ಯಾರ ಮುಂದೇನೂ ಬಾಯಿ ಬಿಡ್ಬೇಡ, ಮಸ್ನಿಯಾ. ಉಳಿದ ಡಬ್ಬಿ ಎಲ್ಲಾ ಸಂಜೆಗೆ ಹೊಳೇಗೆ ಹಾಕ್ತೀನಿ. ಕತೆ ಮುಗೀತು.”

“ಅದೇ ಹೊಳೇಲಿ ಬಾಯಿ ಮುಕ್ಕಳಿಸ್ತೀವಲ್ಲ. ಆ ಹನ್ನೊಂದು ಮಕ್ಕಳು ಇನ್ನೂ ಹಚ್ತಾನೇ ಇರ್ತಾರೆ. ಚೀಟಿ ನೋಡ್ಕೊಂಡು ಹಚ್ತಾರೆ.”

“ಚೀಟಿ ನೀನು ಕೊಟ್ಟಿದ್ದು. ಹೇಳಿದ್ರೆ ಮೊದ್ಲು ಹೋಗೋದು ನಿನ್ನ ಕೆಲ್ಸ. ಆಮೇಲೆ ತಾಯಿ ಮಗಳು ಏನ್ ತಿಂತೀರ, ಹೊಗೇನಾ?” ಸಲಾಸಿಯಾ ಸೌಟನ್ನು ಪಾತ್ರೆಗೆ ಎಸೆದಳು. “ನಲವತ್ತು ದಿನ ನಿನ್ನ ಪಕ್ಕ ಮಲಗಿದ್ದು ಯಾರೇ? ನೀನು ನಿದ್ದೇಲಿ ಅವನ ಹೆಸರು ಕೂಗ್ದಾಗೆಲ್ಲ ಬೆನ್ನು ತಟ್ಟಿದ್ದು ಯಾರು?”

“ನೀವೇ.”

“ಹಂಗಾದ್ರೆ?”

ಮಸ್ನಿಯಾ ಅತ್ತಳು. ಈ ಹೆಂಗಸು ಇಲ್ಲದಿದ್ದರೆ ಆ ನಲವತ್ತು ದಿನ ತಾನು ದಾಟುತ್ತಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಈ ಊರಿನಲ್ಲಿ ಅವಳನ್ನು ‘ಬಾ, ತಿನ್ನು’ ಎಂದು ಕರೆಯುವ ಬಾಗಿಲು ಇದೊಂದೇ. “ಹೆಸರು ಬರ್ಕೊಡಿ, ಅಕ್ಕ,” ಎಂದಳು. “ಉಳಿದ ಚೀಟಿನೂ, ಡಬ್ಬಿನೂ ಕೊಡಿ.”

ಒಲೆಯ ಮೇಲಿದ್ದ ತಿಂಡಿ ಸೀದು ಹೋಯಿತು. ಆಮೇಲೆ ಸಲಾಸಿಯಾ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಮಸ್ನಿಯಾಳ ಕಾಲ ಬಳಿ ಹಾಕಿದಳು. ಹೆಸರುಗಳನ್ನು ಬಾಯಲ್ಲೇ ಹೇಳಿದಳು, ಒಂದೊಂದೂ ಉಗುಳಿದ ಹಾಗೆ. “ತಗೊಂಡು ನಡಿ. ಇನ್ಮೇಲೆ ಈ ಹಲಗೆ ದಾಟ್ಬೇಡ.”

ಬೆಳಿಗ್ಗೆ ಮಸ್ನಿಯಾ ಹಂಡೆಗೆ ನೀರು ತುಂಬಲು ಜಗಲಿಗೆ ಬಂದಾಗ ಎರಡು ಮನೆಗಳ ನಡುವೆ ಬರೀ ಹೊಳೆ ಇತ್ತು. ಹಲಗೆಯನ್ನು ಸಲಾಸಿಯಾ ತನ್ನ ಕಡೆಗೆ ಎಳೆದುಕೊಂಡು ಗೋಡೆಗೆ ಒರಗಿಸಿದ್ದಳು. ಬಹ್ರಾನನ ಸುತ್ತಿಗೆಯ ಗುರುತುಗಳು ಇಲ್ಲಿಂದಲೇ ಕಾಣುತ್ತಿದ್ದವು. ರಿಸ್ದಾಳೂ ಅದನ್ನು ನೋಡಿದಳು.

ಚರ್ಮದ ಡಾಕ್ಟರ ಚಿಕಿತ್ಸಾಲಯ ತೆರೆಯುವುದು ಹತ್ತಕ್ಕೆ. ಅದಕ್ಕೆ ಮುಂಚೆ ಅಂಗಡಿಗೆ ಹೋಗಬೇಕು ಎಂದಳು ಮಸ್ನಿಯಾ. ಬೈಕಿನ ಹಿಂದೆ ಕೂತ ರಿಸ್ದಾ ತಾಯಿಯ ಸೊಂಟ ಹಿಡಿಯದೆ ಸೀಟಿನ ಕಬ್ಬಿಣ ಹಿಡಿದುಕೊಂಡಳು. ಸೇತುವೆಯ ಮೇಲೆ ಎದುರಿನ ಗಾಡಿಗಳ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ಮಸ್ನಿಯಾ ಒಂದು ಸುಳ್ಳನ್ನು ಹೊಸೆದು ಹೊಸೆದು ನೋಡಿದಳು: ಯಾರೋ ಕಸದಿಂದ ಆರಿಸಿಕೊಂಡಿರಬೇಕು, ಇಬು. ಒಳ್ಳೆಯ ಸುಳ್ಳೇ. ಇಬು ಹೆರ್ಲಿನಾ ನಂಬುತ್ತಿದ್ದರು ಕೂಡ. ಕೌಂಟರ್ ಉಳಿಯುತ್ತಿತ್ತು. ಆದರೆ ಅದನ್ನು ಹೇಳುವಾಗ ಮಗಳು ಪಕ್ಕದಲ್ಲಿ ನಿಂತಿರುತ್ತಾಳೆ.

ಒಳಕೋಣೆಯ ಅಮೃತಶಿಲೆಯ ಮೇಲೆ ಅವಳು ಗಂಟು ಬಿಚ್ಚಿದಳು. ಏಳು ಡಬ್ಬಿ, ಉಳಿದ ನೀಲಿ ಚೀಟಿಗಳು, ತಾನು ಬರೆದುಕೊಂಡ ಹನ್ನೊಂದು ಹೆಸರಿನ ಹಾಳೆ. ಎಲ್ಲವನ್ನೂ ಹೇಳಿದಳು. ಇಬು ಹೆರ್ಲಿನಾ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಸುಟ್ಟೆ ಅಂದಿದ್ದೆ ನೀನು.”

“ಅರ್ಧ ಸುಟ್ಟಿದ್ದೆ, ಇಬು.”

“ನಾನು ಪೂರ್ತಿ ನಂಬಿದ್ದೆ.” ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಮಸ್ನಿಯಾಳಿಗೆ ಸುಲಭವಾಗುತ್ತಿತ್ತು. “ಇದನ್ನ ಪರೀಕ್ಷೆಗೆ ಕಳಿಸ್ತೀನಿ, ಅಧಿಕಾರಿಗಳಿಗೆ ಬರೀತೀನಿ. ಆ ಹನ್ನೊಂದು ಮನೆಗೂ ನಾನೇ ಹೋಗ್ತೀನಿ, ಇವತ್ತೇ. ಚೀಟಿ ಮೇಲಿರೋದು ನನ್ನಂಗಡಿ ಹೆಸರು.” ರಿಸ್ದಾಳ ಕಡೆ ತಿರುಗಿ ಮಾಸ್ಕು ಇಳಿಸಲು ಸನ್ನೆ ಮಾಡಿದರು, ನೋಡಿದರು, ತಾವೇ ಅದನ್ನು ಮೆಲ್ಲಗೆ ಮೇಲೆತ್ತಿದರು. “ಡಾಕ್ಟ್ರಿಗೆ ಹೇಳಿ ಮೂತ್ರ ಪರೀಕ್ಷೆ ಮಾಡಿಸ್ಕೋ, ಮಗಳೇ. ಹಚ್ಚಿದ್ದು ಎರಡೇ ತಿಂಗಳಲ್ವಾ, ಬೇಗ ಗೊತ್ತಾಯ್ತು.” ಆಮೇಲೆ ಮಸ್ನಿಯಾಳನ್ನು ನೋಡದೆಯೇ ಹೇಳಿದರು. “ಇನ್ನು ಮುಂದೆ ನಿನ್ನನ್ನ ಈ ಕೌಂಟರಲ್ಲಿ ನಿಲ್ಲಿಸೋಕೆ ನನ್ನಿಂದಾಗಲ್ಲ. ಹೊರಗೆ ಜನ ನಿಂತಿದಾರೆ. ಅವರನ್ನಷ್ಟು ಕಳಿಸಿ, ಕೀಲಿ ಕೊಟ್ಟು ಹೋಗು.”

“ಸರಿ, ಇಬು.”

ಹನ್ನೊಂದು ವರ್ಷದ ಕೌಂಟರು. ಮಸ್ನಿಯಾ ಅದರ ಹಿಂದೆ ಹೋಗಿ ನಿಂತಳು. ಹೊಗೆಗೆ ಕೆಮ್ಮುವ ಮುದುಕನಿಗೆ ಸಿರಪ್ಪು ಕೊಟ್ಟು ಚಮಚದ ಲೆಕ್ಕ ಹೇಳಿದಳು. ಮಗುವಿನ ತೊಡೆಸಂದಿ ಕೆಂಪಾದ ತಾಯಿಗೆ ಜಿಂಕ್ ಮುಲಾಮು ಕೊಟ್ಟಳು. ಬಾಯಿ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಕಣ್ಣೀರು ಮೂಗಿಗೆ ಇಳಿದಾಗ ಹೊಗೆಯ ನೆಪ ಚೆನ್ನಾಗಿಯೇ ಒದಗಿತು.

“ಮುಂದೆ ಯಾರು, ಬನ್ನಿ,” ಎಂದು ತಲೆಯೆತ್ತಿದಳು.

ರಿಸ್ದಾ ನಿಂತಿದ್ದಳು. ಯಾವಾಗ ಒಳಕೋಣೆಯಿಂದ ಬಂದು ಸಾಲು ಹಿಡಿದಳೋ ಗೊತ್ತಿಲ್ಲ. ಅವಳ ಹಿಂದೆ ಇನ್ನೂ ಮೂವರಿದ್ದರು.

ಮಸ್ನಿಯಾಳ ಕೈ ಕೌಂಟರಿನ ಅಂಚು ಹಿಡಿದುಕೊಂಡಿತು. “ಹೇಳು,” ಎಂದಳು. “ಏನ್ ಬೇಕಿತ್ತು?”

ರಿಸ್ದಾ ಮಾಸ್ಕು ಇಳಿಸಿದಳು. ಎಲ್ಲರೆದುರು, ಆ ಬೆಳಕಿನಲ್ಲಿ. “ಮುಖಕ್ಕೆ,” ಎಂದಳು. “ಏನ್ ಹಚ್ಬೇಕು ಅಂತ ಗೊತ್ತಾಗ್ತಿಲ್ಲ.”

ಹಿಂದಿದ್ದ ಹೆಂಗಸೊಬ್ಬಳು ಅಯ್ಯೋ ಎಂದಳು. ಮಸ್ನಿಯಾ ಮೂರು ಬೆರಳು ಎತ್ತಲು ಹೋಗಿ ಕೈ ಇಳಿಸಿದಳು. ಆ ಪಾಠ ಈ ಮುಖಕ್ಕಲ್ಲ. ನಿಧಾನವಾಗಿ ಹೇಳತೊಡಗಿದಳು.

“ಈಗ ಏನೂ ಹಚ್ಬೇಡ. ಮೊಡವೆ ಮದ್ದೂ ಬೇಡ, ಪುಪೂರೂ ಬೇಡ. ಚರ್ಮ ಗಾಯ ಆಗಿದೆ, ಅದಕ್ಕೆ ಮೊದ್ಲು ಸುಮ್ನಿರೋಕೆ ಬಿಡ್ಬೇಕು. ಬೆಳಿಗ್ಗೆ ಸಂಜೆ ತಣ್ಣೀರು, ಉಜ್ಜದೆ ಒತ್ತಿ ಒರೆಸ್ಕೋ. ಇದು ವಾಸನೆ ಇಲ್ಲದ ಕ್ರೀಮು, ತೆಳ್ಳಗೆ ಹಚ್ಚು. ಹೊರಗೆ ಹೋದ್ರೆ ಕೊಡೆ ಹಿಡ್ಕೋ. ಸನ್‌ಸ್ಕ್ರೀನು ಯಾವಾಗಿಂದ ಅಂತ ಡಾಕ್ಟ್ರು ಹೇಳ್ತಾರೆ.”

“ಅಚಿಲ್, ಸ್ವಲ್ಪ ಬೇಗ,” ಎಂದರು ಹಿಂದಿನಿಂದ.

“ಕಾಯಿರಿ,” ಎಂದಳು ಮಸ್ನಿಯಾ, ಮಗಳ ಮುಖದಿಂದ ಕಣ್ಣು ತೆಗೆಯದೆ. “ಕೇಳು. ಇನ್ನೊಂದೆರಡು ವಾರ ಇದು ಇನ್ನೂ ಕೆಟ್ಟದಾಗಿ ಕಾಣ್ಬಹುದು. ಕೆಂಪಾಗುತ್ತೆ, ಮೊಡವೆ ಜಾಸ್ತಿ ಏಳುತ್ತೆ. ಆ ಡಬ್ಬೀನೇ ಚೆನ್ನಾಗಿತ್ತು ಅಂತ ಅನ್ಸುತ್ತೆ. ಹೆದರ್ಬೇಡ. ಆ ಕ್ರೀಮು ಬಿಟ್ಟಾಗ ಹಂಗೇ ಆಗೋದು. ವಾಸಿಯಾಗೋಕೆ ತಿಂಗಳುಗಟ್ಲೆ ಹಿಡಿಯುತ್ತೆ, ಪೂರ್ತಿ ಮೊದಲಿನ ಥರ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ತಪ್ಪು ನಿಂದಲ್ಲ. ನೀನು ಚೀಟಿ ನೋಡಿದೆ, ನೋಡ್ಬೇಕಾಗಿದ್ದೂ ಅದನ್ನೇ. ಚೀಟಿ ಕೊಟ್ಟೋರ ತಪ್ಪು.”

ಅವಳು ಕ್ರೀಮನ್ನು ಕಾಗದದ ಚೀಲಕ್ಕೆ ಹಾಕಿ, ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಡಿಸಿ ಕೊಟ್ಟಳು. ರಿಸ್ದಾ ತೆಗೆದುಕೊಂಡಳು, ಆದರೆ ಕದಲಲಿಲ್ಲ.

“ಅನುಮಾನ ಬಂದ್ರೆ?” ಎಂದು ಕೇಳಿದಳು.

ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದ ಉತ್ತರ ಮಸ್ನಿಯಾಳ ಬಾಯಿಯವರೆಗೆ ಬಂದು ನಿಂತಿತು. ಅವಳು ಕೊರಳಿನಲ್ಲಿ ನೇತಾಡುತ್ತಿದ್ದ ಅಂಗಡಿಯ ಕೀಲಿಯನ್ನು ತೆಗೆದು ಕೌಂಟರಿನ ಮೇಲಿಟ್ಟಳು.

“ಮನೇಲಿರ್ತೀನಿ,” ಎಂದಳು.

ರಿಸ್ದಾ ತಲೆಯಾಡಿಸಿದಳು. ಹಿಂದಿನವರಿಗೆ ಜಾಗ ಬಿಟ್ಟು, ಬಾಗಿಲ ಬಳಿಯ ಬೆಂಚಿನ ಮೇಲೆ ಹೋಗಿ ಕೂತು, ತಾಯಿ ಉಳಿದ ಮೂವರನ್ನು ಕಳಿಸಿ ಬರುವವರೆಗೆ ಕಾದಳು.